ಬೀಳುವ ವಿದ್ಯೆ

ಸಾಹಸವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ಮನುಷ್ಯನಿಗೆ ಹುಟ್ಟಿನಿಂದ ಬಂದದ್ದು. ಭರತ ಹುಣ್ಣಿಮೆಯ ಜಾತ್ರೆಗೆ ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ನೆರೆಯುವ ಜನಸಾಗರ ಬರಿಯ ಕಾರಣಿಕದ ನುಡಿಯನ್ನು ಕೇಳಲು ಬಂದದ್ದಲ್ಲ. ನೆಟ್ಟಗೆ ನಿಲ್ಲಿಸಿದ ಬಿಲ್ಲನ್ನು ಸರಸರನೆ ಏರಿ, ‘ಸದ್ದಲೇ’ ಎಂದು ಗುಡುಗಿ, ಭವಿಷ್ಯವನ್ನು ನುಡಿದ ಮರುಗಳಿಗೆಯಲ್ಲೇ ಕೆಳಕ್ಕೆ ಬೀಳುವ ಗೊರವಯ್ಯನನ್ನು ನೋಡಲೂ ಬಂದದ್ದು. ಆಗ ಎಲ್ಲರ ಕಣ್ಣೂ ಬಿಲ್ಲಿನ ತುದಿಯಲ್ಲಿರುತ್ತದೆ. ಬಿಲ್ಲಿನ ಬುಡದಲ್ಲಿ ಕೈಚಾಚಿ ನಿಂತ ಗೊರವರನ್ನು ಗಮನಿಸುವವರು ವಿರಳ. ಆದರೆ ಬೀಳುವವನನ್ನು ಹಿಡಿಯುವವರು ಅವರು. ಏರುವಿಕೆಯ ಏರ್ಪಾಡಿಗೆ ಮುನ್ನವೇ ಬೀಳುವಿಕೆಯ ಏರ್ಪಾಡಾಗಿರುತ್ತದೆ.

ಇಂದಿನ ತರುಣರ ಮೋಟಾರು ಸೈಕಲ್ಲಿನ ಸಾಹಸವನ್ನು ಕುರಿತು ಯೋಚಿಸುವಾಗ ಈ ಚಾಚಿದ ಕೈಗಳನ್ನು ಮರೆಯುವಂತಿಲ್ಲ.

೨೦೨೧ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಅದಕ್ಕೆ ಸೇರಿದ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿದವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ. ಶೇಂಗಾ, ಮೆಕ್ಕೆಜೋಳಗಳನ್ನು ನೆಚ್ಚಿ ಮುಗಿಲು ನೋಡುವ ನಾಡು ಇದು. ಇಲ್ಲಿ ಮೋಟಾರು ಸೈಕಲ್ಲು ಮೊದಲು ಅನುಕೂಲವಾಗಿ ಬಂದಿತು. ಹೊಲಕ್ಕೆ ಬುತ್ತಿ, ಸಂತೆಗೆ ಮೂಟೆ, ಕಾಲೇಜಿಗೆ ಮಗ, ಎಲ್ಲವನ್ನೂ ಹೊತ್ತಿತು. ಆಮೇಲೆ ಅದು ಅಲಂಕಾರವಾಯಿತು. ಈಗ ಕೆಲವು ಹುಡುಗರ ಪಾಲಿಗೆ ಅದು ಹಿಂಗಾಲಿನ ಮೇಲೆ ನಿಲ್ಲುವ ಕುದುರೆ. ಕೂಡ್ಲಿಗಿಯ ಮೇಲೆ ಹಾದುಹೋಗುವ ೫೦ನೆಯ ರಾಷ್ಟ್ರೀಯ ಹೆದ್ದಾರಿಯ ನುಣುಪು ಅವರನ್ನು ಕೈಬೀಸಿ ಕರೆಯುತ್ತದೆ. ಕಿಸೆಯಲ್ಲಿರುವ ಫೋನು ಆ ಆಟವನ್ನು ಊರಿಗೆಲ್ಲ ಸಾರುತ್ತದೆ.

ಇದನ್ನು ಪುಂಡಾಟವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಹಿರಿಯರಿಗೆ ಸುಲಭ. ಆದರೆ ಅದರೊಳಗೆ ಒಂದು ವಿದ್ಯೆಯಿದೆ ಎಂಬುದನ್ನು ಒಪ್ಪದೆ ಹುಡುಗರೊಡನೆ ಮಾತು ಮುಂದುವರಿಯಲಾರದು. ವಿದ್ಯೆ ಎಲ್ಲಿದೆ ಎಂಬುದನ್ನು ತಿಳಿದರೆ ಪುಂಡಾಟ ಎಲ್ಲಿದೆ ಎಂಬುದೂ ತಾನಾಗಿ ತಿಳಿಯುತ್ತದೆ.

ಮುಂದಿನ ಗಾಲಿಯನ್ನು ಎತ್ತಿ ಓಡಿಸುವುದನ್ನೇ ತೆಗೆದುಕೊಳ್ಳೋಣ. ನೋಡುವವನಿಗೆ ಅದು ತೋಳ್ಬಲದ ಕೆಲಸವೆಂದು ತೋರುತ್ತದೆ. ನಿಜವಾಗಿ ಅದು ಎಡಗೈ, ಬಲಗೈ, ಬಲಗಾಲುಗಳ ಒಪ್ಪಂದ. ಎಂಜಿನ್ನಿನ ವೇಗವೇರಿಸಿ, ಎಡಗೈ ಕ್ಲಚ್ಚನ್ನು ಹದವಾಗಿ ಬಿಟ್ಟಾಗ ಶಕ್ತಿಯೆಲ್ಲ ಹಿಂದಿನ ಗಾಲಿಗೆ ಹರಿದು ಮುಂಭಾಗ ಮೇಲೇಳುತ್ತದೆ. ಮೇಲೇಳುತ್ತ ಹೋದಂತೆ, ಸವಾರ ಮತ್ತು ಗಾಡಿಗಳ ಒಟ್ಟು ಗುರುತ್ವಕೇಂದ್ರ ಹಿಂದಿನ ಗಾಲಿ ನೆಲವನ್ನು ಮುಟ್ಟುವ ಬಿಂದುವಿನ ನೇರಕ್ಕೆ ಬರುವ ಒಂದು ಸ್ಥಿತಿಯುಂಟು. ಅದೇ ಸಮತೋಲ. ಅದನ್ನು ಕೂದಲೆಳೆಯಷ್ಟು ದಾಟಿದರೆ ಗಾಡಿ ಬೆನ್ನ ಮೇಲೆ ಬೀಳುತ್ತದೆ. ೨೦೧೭ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಉರುಳಿದ್ದನ್ನು ಕಂಡ ನಮ್ಮ ಜನಕ್ಕೆ, ಎತ್ತರವಾದದ್ದು ವಾಲಿದಾಗ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಹಾಗೆ ಹಿಂದಕ್ಕೆ ವಾಲುವ ಗಾಡಿಯನ್ನು ಉಳಿಸುವುದು ಬಲಗಾಲು. ಹಿಂದಿನ ಬ್ರೇಕನ್ನು ಮೆಲ್ಲನೆ ಒತ್ತಿದರೆ ಎತ್ತಿದ ಗಾಲಿ ಕೆಳಗಿಳಿಯುತ್ತದೆ. ಆದುದರಿಂದ ಬಲ್ಲ ಗುರುಗಳು ಮೊದಲು ಕಲಿಸುವುದು ಗಾಲಿಯನ್ನು ಎತ್ತುವುದನ್ನಲ್ಲ, ಇಳಿಸುವುದನ್ನು. ಅಂಗುಲ ಎತ್ತಿ ಬ್ರೇಕು, ಗೇಣು ಎತ್ತಿ ಬ್ರೇಕು. ಕಾಲು ತನ್ನ ಪಾಠವನ್ನು ಮನಸ್ಸಿನ ಅಪ್ಪಣೆಗೆ ಕಾಯದೆ ಒಪ್ಪಿಸುವವರೆಗೆ ಇದೇ ಅಭ್ಯಾಸ. ಗರಡಿಯಲ್ಲಿ ಉಸ್ತಾದನು ಮಟ್ಟಿಯ ಮಣ್ಣನ್ನು ಅಗೆಸಿ ಮೃದುವಾಗಿಸಿ, ಆಮೇಲೆ ಪಟ್ಟು ಹೇಳಿಕೊಡುವ ಕ್ರಮವೂ ಇದೇ ಅಲ್ಲವೇ? ಡಾಂಬರಿನ ರಸ್ತೆಯನ್ನು ಹಾಗೆ ಅಗೆದು ಮೃದುಗೊಳಿಸಲು ಬರುವುದಿಲ್ಲ.

ಗಾಡಿಯ ಮಾರ್ಪಾಡಿನಲ್ಲಿಯೂ ಈ ವಿವೇಕವೇ ಕಾಣುತ್ತದೆ. ಸಾಹಸಕ್ಕೆಂದೇ ಸಿದ್ಧಪಡಿಸಿದ ಮೋಟಾರು ಸೈಕಲ್ಲನ್ನು ಪರೀಕ್ಷಿಸಿದರೆ ಅದರ ಬದಲಾವಣೆಗಳಲ್ಲಿ ಬಹುಪಾಲು ಬೀಳುವುದಕ್ಕಾಗಿ ಮಾಡಿದವು. ಎಂಜಿನ್ನಿನ ಸುತ್ತ ಕಬ್ಬಿಣದ ಪಂಜರ, ಬಿದ್ದಾಗ ಸವಾರನ ಕಾಲೂ ಎಂಜಿನ್ನೂ ನಜ್ಜಾಗದಿರಲೆಂದು. ಬಾಲದಲ್ಲಿ ಒಂದು ಉಕ್ಕಿನ ಪಟ್ಟಿ, ಗಾಡಿ ನೆಟ್ಟಗೆ ನಿಂತಾಗ ಅದು ನೆಲಕ್ಕೆ ಊರಿ ಬೆನ್ನ ಮೇಲೆ ಬೀಳದಂತೆ ತಡೆಯಲೆಂದು. ಕಾಲು ಬ್ರೇಕಿನಿಂದ ದೂರವಾದಾಗಲೂ ಗಾಡಿಯನ್ನು ಇಳಿಸಲೆಂದು ಹಿಂದಿನ ಗಾಲಿಗೆ ಕೈಯಲ್ಲಿ ಹಿಡಿಯುವ ಇನ್ನೊಂದು ಬ್ರೇಕು. ಹಿಂದಿನ ಹಲ್ಲುಗಾಲಿಯನ್ನು ದೊಡ್ಡದು ಮಾಡುವುದು ವೇಗಕ್ಕಲ್ಲ. ಮೆಲ್ಲಗೆ ಚಲಿಸುವಾಗಲೂ ಮುಂಭಾಗ ಏಳುವಂತೆ, ಅಂದರೆ ಬಿದ್ದರೂ ಕಡಿಮೆ ವೇಗದಲ್ಲಿ ಬೀಳುವಂತೆ.

ನಮ್ಮ ಬೀದಿಗಳಲ್ಲಿ ಕಾಣುವ ಮಾರ್ಪಾಡು ಇದಕ್ಕೆ ವಿರುದ್ಧ. ಇಲ್ಲಿ ಕನ್ನಡಿ ಹೋಗುತ್ತದೆ, ಮಡ್‌ಗಾರ್ಡು ಹೋಗುತ್ತದೆ, ಸೈಲೆನ್ಸರಿನ ಕರುಳು ಹೊರಬರುತ್ತದೆ. ೧೯೮೫ರಿಂದ ೧೯೯೬ರವರೆಗೆ ನಮ್ಮ ದೇಶದಲ್ಲಿ ತಯಾರಾದ ಯಮಹಾ ಆರ್‌ಎಕ್ಸ್ ನೂರು, ೯೮ ಸಿ.ಸಿ.ಯ ಆ ಪುಟ್ಟ ಗಾಡಿ, ಇಂದಿಗೂ ಹುಡುಗರ ಕಣ್ಮಣಿ. ಅದರ ಸೈಲೆನ್ಸರನ್ನು ಕೊಯ್ದು ಬಲ ಹೆಚ್ಚಿತೆಂದು ಬೀಗುವವರುಂಟು. ಎರಡು ಹೊಡೆತದ ಎಂಜಿನ್ನಿನಲ್ಲಿ ಹೊಗೆಯ ಜೊತೆಗೆ ಸುಡದ ಇಂಧನವೂ ಒಂದಿಷ್ಟು ನುಸುಳಿಹೋಗುತ್ತದೆ. ನಡುವೆ ಉಬ್ಬಿ ತುದಿಯಲ್ಲಿ ಕಿರಿದಾಗುವ ನಳಿಗೆ ಒತ್ತಡದ ಅಲೆಯನ್ನು ಹಿಂದಿರುಗಿಸಿ ಆ ಇಂಧನವನ್ನು ಮರಳಿ ಒಳಕ್ಕೆ ನೂಕುತ್ತದೆ. ನಳಿಗೆಯ ಆಕಾರ ಕೆಟ್ಟರೆ ಆ ಲಾಭವೂ ಕೆಡುತ್ತದೆ. ಸದ್ದು ಹೆಚ್ಚಿತು, ಕಸುವು ಕುಗ್ಗಿತು! ಬರಿಯ ಕೊಡ ತುಳುಕುವುದೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು.

ಹಿಂದಿನಿಂದಲೂ ಜಾತ್ರೆಗಳಲ್ಲಿ ಸಾವಿನ ಬಾವಿಯ ಆಟವನ್ನು ಜನ ಬಲ್ಲರು. ಹಲಗೆಯ ಗೋಡೆಯ ಮೇಲೆ ನೆಲಕ್ಕೆ ಅಡ್ಡಲಾಗಿ ಮೋಟಾರು ಸೈಕಲ್ಲು ಸುತ್ತುವುದನ್ನು ಕಂಡು ಬೆರಗಾಗದವರಾರು? ಅದರಲ್ಲಿ ಮಾಟವೇನಿಲ್ಲ, ಲೆಕ್ಕವಿದೆ. ಮೂವತ್ತು ಅಡಿ ಅಗಲದ ಬಾವಿಯಲ್ಲಿ ಗಂಟೆಗೆ ೪೦ ಕಿಲೋಮೀಟರು ವೇಗದಿಂದ ಸುತ್ತುವ ಸವಾರನನ್ನು ಗೋಡೆ ಅವನ ತೂಕದ ಎರಡೂವರೆ ಪಟ್ಟಿಗೂ ಮಿಕ್ಕ ಬಲದಿಂದ ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಅವನನ್ನು ಜಾರದಂತೆ ಹಿಡಿದಿರುವುದು. ಅದು ಅಪಾಯದ ಜೀವನೋಪಾಯವೇ ಸರಿ. ಆದರೂ ಆ ಬಾವಿಯೊಳಗೆ ಎಮ್ಮೆ ಅಡ್ಡಬರುವುದಿಲ್ಲ, ಶಾಲೆ ಬಿಟ್ಟ ಮಗು ಓಡಿಬರುವುದಿಲ್ಲ. ಅಪಾಯ ಅದನ್ನು ಆರಿಸಿಕೊಂಡವನದೇ ಆಗಿ ಉಳಿಯುತ್ತದೆ.

ಈ ಸಾಹಸ ಎಷ್ಟು ಎತ್ತರಕ್ಕೆ ಹೋಗಬಲ್ಲುದೆಂಬುದಕ್ಕೆ ನಿದರ್ಶನ ನಮ್ಮ ರಾಜಧಾನಿಯಲ್ಲೇ ಇದೆ. ಭೂಸೇನೆಯ ಸರಬರಾಜು ದಳದ ‘ಟಾರ್ನೇಡೋಸ್’ ತಂಡ ೧೯೮೨ರಲ್ಲಿ ಹುಟ್ಟಿತು. ೨೦೧೭ರ ನವೆಂಬರ್ ೧೯ರಂದು ಬೆಂಗಳೂರಿನ ಯಲಹಂಕದ ವಾಯುನೆಲೆಯಲ್ಲಿ ಈ ತಂಡದ ೫೮ ಮಂದಿ ೫೦೦ ಸಿ.ಸಿ.ಯ ಒಂದೇ ರಾಯಲ್ ಎನ್‌ಫೀಲ್ಡ್ ಗಾಡಿಯನ್ನೇರಿ ೧೨೦೦ ಮೀಟರು ಸಾಗಿ ವಿಶ್ವದಾಖಲೆ ಬರೆದರು. ಐವತ್ತೆಂಟು ದೇಹಗಳು ಒಂದು ದೇಹದಂತೆ ಉಸಿರಾಡಬೇಕಾದರೆ ಎಷ್ಟು ದಿನಗಳ ಶಿಸ್ತು ಬೇಕು! ಅವರು ಆರಿಸಿದ್ದು ತೆರವು ಮಾಡಿದ ಓಡುದಾರಿಯನ್ನು, ಸಂತೆಯ ಬೀದಿಯನ್ನಲ್ಲ. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ ೨೦೧೯ರಲ್ಲಿ ಮಹಿಳೆಯರ ವಿಭಾಗದಲ್ಲಿ ಬಾಹಾ ರ್‍ಯಾಲಿಯ ವಿಶ್ವಕಪ್ಪನ್ನು ಗೆದ್ದದ್ದೂ ಗೊತ್ತಾದ ಕಣದಲ್ಲಿ, ಗೊತ್ತಾದ ನಿಯಮಗಳೊಳಗೆ.

ಕಾನೂನು ಏನೆನ್ನುತ್ತದೆಂಬುದನ್ನೂ ಹುಡುಗರು ಅರಿಯುವುದು ಒಳ್ಳೆಯದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ವಿಧಿ ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸಗೊಡದು. ೨೦೧೯ರ ತಿದ್ದುಪಡಿಯ ಬಳಿಕ ಅಕ್ರಮವಾದ ಒಂದೊಂದು ಮಾರ್ಪಾಡಿಗೂ ೫೦೦೦ ರೂಪಾಯಿ ದಂಡ ಬೀಳಬಹುದು. ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕನಿಗೆ ೨೫,೦೦೦ ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ. ೨೦೨೫ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ನೆರೆಯ ಗಂಗಾವತಿ ಕಡೆಯ ಇಂತಹದೊಂದು ಪ್ರಕರಣದಲ್ಲಿ ಜಾಮೀನು ನಿರಾಕರಿಸುತ್ತ, ನಗರಗಳಲ್ಲಿದ್ದ ಈ ಚಾಳಿ ಗ್ರಾಮಾಂತರಕ್ಕೂ ಹಬ್ಬಿದೆಯೆಂದು ಕಳವಳ ವ್ಯಕ್ತಪಡಿಸಿತು.

ಆದರೆ ದಂಡದ ಭಯವೊಂದರಿಂದಲೇ ಹರೆಯವನ್ನು ಕಟ್ಟಿಹಾಕಿದ ನಿದರ್ಶನ ಲೋಕದಲ್ಲಿಲ್ಲ. ಬೇಡವೆನ್ನುವುದರ ಜೊತೆಗೆ, ಎಲ್ಲಿ ಮತ್ತು ಹೇಗೆ ಎಂಬುದನ್ನೂ ತೋರಿಸಬೇಕು. ಸಂತೆಯಿಲ್ಲದ ದಿನ ಬರಿದಾಗಿರುವ ಮಾರುಕಟ್ಟೆಯ ಪ್ರಾಂಗಣಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿವೆ. ಅಧಿಕಾರಿಗಳ ಅನುಮತಿ, ಬಲ್ಲ ಗುರು, ಶಿರಸ್ತ್ರಾಣ, ಮೊಣಕಾಲು ಮೊಣಕೈಗಳ ಕವಚ, ಬಾಗಿಲಲ್ಲೊಂದು ಚಿಕಿತ್ಸಾವಾಹನ, ಇಷ್ಟು ಒದಗಿದರೆ ಒಂದು ಮೋಟಾರು ಗರಡಿ ಏಕೆ ಆಗಬಾರದು? ಸಾಹಸಕ್ಕೆ ಮಾರ್ಪಡಿಸಿದ ಗಾಡಿ ಅಲ್ಲಿಗೆ ಲಾರಿಯ ಮೇಲೆ ಬರಲಿ, ಲಾರಿಯ ಮೇಲೆಯೇ ಹಿಂದಿರುಗಲಿ. ರಸ್ತೆಗೆ ಅದರ ಗಾಲಿ ತಾಗದಿರಲಿ.

ಇಷ್ಟು ಮಾಡಲು ತಗಲುವ ಹಣ ದೊಡ್ಡದಲ್ಲ. ತಲೆಗೆ ಪೆಟ್ಟಾದ ಹುಡುಗನನ್ನು ನಡುರಾತ್ರಿ ಬಳ್ಳಾರಿಗೋ ದಾವಣಗೆರೆಗೋ ಹೊತ್ತೊಯ್ಯುವ ಮನೆಯವರು ಆ ಒಂದು ರಾತ್ರಿಯಲ್ಲಿ ಹಲವು ವರ್ಷಗಳ ಬೆಳೆಯನ್ನು ಕಳೆದುಕೊಳ್ಳುತ್ತಾರೆ. ಗಾಡಿಯ ಕಂತು ಆಮೇಲೂ ತೀರಿಸಬೇಕಾಗಿ ಉಳಿದಿರುತ್ತದೆ. ಗಾಲಿಯನ್ನು ಎತ್ತಲು ಹಂಬಲಿಸುವ ತರುಣನಿಗೆ ಧೈರ್ಯದ ಉಪದೇಶ ಬೇಕಾಗಿಲ್ಲ, ಅದು ಅವನಲ್ಲಿ ತುಂಬಿದೆ. ಅವನಿಗೆ ಬೇಕಾದದ್ದು ಎತ್ತಿದ್ದನ್ನು ಇಳಿಸಲು ಕಲಿಸುವ ಗುರು ಮತ್ತು ಬಿದ್ದರೆ ಎದ್ದು ಮನೆಗೆ ಬರಬಹುದಾದ ನೆಲ.