ಕಾರು ತೊಳೆಯಲು ಮೂರು ಬಕೆಟ್ ಸಾಕು

ಸಹೋದರಿಯರೇ, ಹಬ್ಬದ ಮುನ್ನಾದಿನ ಮನೆಯ ಗಂಡಸರು ಕಾರಿಗೆ ಪೈಪು ಹಿಡಿದು ನಿಂತಿದ್ದರೆ ಮೊದಲು ನಲ್ಲಿ ನಿಲ್ಲಿಸಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳಲ್ಲಿ ಮಳೆಯಿಂದ ಇಂಗುವುದಕ್ಕಿಂತ ಹೆಚ್ಚು ನೀರನ್ನು ನಾವು ಕೊಳವೆಬಾವಿಗಳಿಂದ ಎತ್ತುತ್ತಿದ್ದೇವೆ. ಪಕ್ಕದ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶಿಸಿತು. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. (ನಮ್ಮ ಮಸೀದಿಗಳ ನಲ್ಲಿಗಳ ಮಾತು ಈಗ ಬೇಡ.)

ಕಾರು ನೆರಳಿನಲ್ಲಿರಲಿ. ನಮ್ಮ ಬೋರ್‌ವೆಲ್ ನೀರು ಗಡಸು; ಬಿಸಿಲಿಗೆ ಒಣಗಿದರೆ ಬಣ್ಣದ ಮೇಲೆ ಬಿಳಿ ಕಲೆ ಕೂರುತ್ತದೆ. ಒಣ ಧೂಳನ್ನು ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಚೊಂಬಿನಲ್ಲಿ ನೀರು ಸುರಿಯಿರಿ. ಒಂದು ಬಕೆಟ್‌ನಲ್ಲಿ ಕಾರ್ ಶಾಂಪೂ, ಇನ್ನೊಂದು ಬಟ್ಟೆ ಜಾಲಿಸಲು, ಮೂರನೆಯದು ಮೇಲೆ ಹಾಯಿಸಲು. ಪಾತ್ರೆ ತೊಳೆಯುವ ಸೋಪು ಬೇಡ, ಅದು ಕಾರಿನ ವ್ಯಾಕ್ಸನ್ನು ಕಿತ್ತುಹಾಕುತ್ತದೆ. ಮೇಲಿನಿಂದ ಕೆಳಗೆ ಬನ್ನಿ. ಒಂದೊಂದು ಭಾಗ ತೊಳೆದ ಕೂಡಲೇ ಒರೆಸಿ. ಚಕ್ರಗಳಿಗೆ ಬೇರೆ ಬಟ್ಟೆ. ಹಕ್ಕಿಯ ಹಿಕ್ಕೆಯ ಮೇಲೆ ಒದ್ದೆ ಬಟ್ಟೆ ಹಾಸಿ, ನೆನೆದ ಮೇಲೆ ತೆಗೆಯಿರಿ.

ಪಾಲಿಶ್ ಮಾತ್ರ ಪದೇ ಪದೇ ಬೇಡ. ಬಣ್ಣದ ಮೇಲಿನ ಪಾರದರ್ಶಕ ಪದರವನ್ನು ಪ್ರತಿ ಸಲ ಚೂರು ಸವೆಸಿಯೇ ಅದು ಹೊಳಪು ಕೊಡುವುದು. ವ್ಯಾಕ್ಸ್ ಹಾಗಲ್ಲ, ಅದು ಬರೀ ಹೊದಿಕೆ.

ಬಟ್ಟೆ ಜಾಲಿಸಿದ ನೀರನ್ನು ಅಂಗಳದ ಧೂಳಿಗೆ ಚಿಮುಕಿಸಿ.