ಪಿಕಪ್ಪಿಗೆ ಟ್ರೈಲರ್: ಭಾರ ಹಂಚುವ ಹಿಚ್ ಯಾರಿಗೆ ಬೇಕು?

ಬಳ್ಳಾರಿ ರಸ್ತೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವರ್ಷವರ್ಷವೂ ನಡೆಯುವ ಕೃಷಿ ಮೇಳ ಸಾಮಾನ್ಯವಾಗಿ ನವೆಂಬರ್ ತಿಂಗಳಿಗೆ ಬರುತ್ತದೆ. ನಮ್ಮಲ್ಲಿ ಅಡಿಕೆ ಕೊಯ್ಲು ನಡೆಯುವ, ಕಾಫಿ ಹಣ್ಣಾಗುವ ಕಾಲವೂ ಅದೇ. ಸಾಗಾಟದ ಚಿಂತೆ ತಲೆಯಲ್ಲಿರುವಾಗ ಮೇಳಕ್ಕೆ ಹೋದ ಬೆಳೆಗಾರರು ಹೆಬ್ಬಾಳದಿಂದ ಯಶವಂತಪುರ, ಪೀಣ್ಯದ ಕಡೆಗೂ ಹೋಗಿ ವರ್ಕ್‌ಶಾಪುಗಳಲ್ಲಿ ಟ್ರೈಲರಿನ ಬೆಲೆ ವಿಚಾರಿಸುವುದುಂಟು. ಹಿಂದೆ ಎಸ್ಟೇಟಿನ ಜೀಪಿಗೆ ಚಿಕ್ಕ ಟ್ರೈಲರ್ ಕಟ್ಟುತ್ತಿದ್ದವರು ಈಗ ಪಿಕಪ್ ಇಟ್ಟುಕೊಂಡಿದ್ದಾರೆ. ಪಿಕಪ್ಪಿಗೆ ಸಾಧಾರಣ ಹಿಚ್ ಸಾಕೇ, ಅಥವಾ ‘ಭಾರ ಹಂಚುವ ಹಿಚ್’ ಹಾಕಿಸಬೇಕೇ ಎಂಬುದು ಅವರ ಪ್ರಶ್ನೆ. ಹಿಚ್ಚಿಗೆ ಹಣ ಕೊಡುವ ಮೊದಲು ಟ್ರೈಲರಿನ ಮೂತಿಯ ಮೇಲೆ ಎಷ್ಟು ಭಾರ ಬೀಳುತ್ತಿದೆಯೆಂದು ತೂಗಿ ನೋಡಬೇಕು. ಬಹು ಮಂದಿಗೆ ಉತ್ತರ ಅಲ್ಲಿಯೇ ಸಿಗುತ್ತದೆ.

ಎತ್ತಿನ ಗಾಡಿಯ ಪಾಠ

ಗಾಡಿ ಹೂಡಿದವರಿಗೆ ಇದು ಹೊಸ ವಿಷಯವಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ನೊಗ ಹೆಗಲನ್ನು ಒತ್ತುತ್ತದೆ. ಎರಡು ಚಕ್ರದ ಟ್ರೈಲರಿಗೂ ಇದೇ ನಿಯಮ. ಅದರ ಮೂತಿ ಹಿಚ್ಚಿನ ಮೇಲೆ ಒತ್ತುವ ಭಾರವನ್ನು ನಾವು ಮೂಕಿಭಾರ ಎನ್ನೋಣ. ಇದು ತೀರ ಕಡಮೆಯಾದರೆ ವೇಗ ಹೆಚ್ಚಿದಂತೆ ಟ್ರೈಲರ್ ಬಾಲ ಬೀಸಲು ತೊಡಗಿ ಪಿಕಪ್ಪನ್ನೂ ಎಳೆದಾಡುತ್ತದೆ. ಹೆಚ್ಚಾದರೆ ಪಿಕಪ್ಪಿನ ಹಿಂಭಾಗ ಕುಸಿದು ಮುಂಭಾಗ ಹಗುರವಾಗುತ್ತದೆ. ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ, ಮುಂದಿನ ಬ್ರೇಕಿನ ಬಲ ಕುಗ್ಗುತ್ತದೆ. ಶಿರಾಡಿಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಮಳೆ ನೆನೆದ ಇಳಿಜಾರಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕ ಹೀಗೆ. ಪಿಕಪ್ಪಿನ ಎರಡು ಅಚ್ಚುಗಳ ನಡುವೆ 3 ಮೀಟರ್ ದೂರ, ಹಿಂದಿನ ಅಚ್ಚಿನಿಂದ ಹಿಚ್ಚಿಗೆ 1.2 ಮೀಟರ್ ದೂರ ಇದೆಯೆನ್ನಿ. ಮೂಕಿಭಾರ 100 ಕಿಲೋ ಆದರೆ ಮುಂದಿನ ಅಚ್ಚಿನ ಮೇಲಿಂದ 40 ಕಿಲೋ ಕಳೆಯುತ್ತದೆ, ಹಿಂದಿನ ಅಚ್ಚಿನ ಮೇಲೆ 140 ಕಿಲೋ ಕೂಡುತ್ತದೆ. ಪಿಕಪ್ಪಿನ ತೊಟ್ಟಿಯಲ್ಲಿಯೂ ಮೂಟೆ ತುಂಬಿದ್ದರೆ ಹಿಂದಿನ ಅಚ್ಚಿಗೆ ಆ ಹೊರೆ ಬೇರೆ.

ಮೂಕಿಭಾರ ತೂಗುವುದು

ಇದಕ್ಕೆ ವೇ-ಬ್ರಿಡ್ಜ್ ಬೇಕಿಲ್ಲ. ಕಣದಲ್ಲಿ ಕಾಫಿ ಮೂಟೆ ತೂಗುವ ತಕ್ಕಡಿಯೇ ಸಾಕು. ಹೇರು ತುಂಬಿದ ಟ್ರೈಲರನ್ನು ಸಮನೆಲದಲ್ಲಿ ನಿಲ್ಲಿಸಿ ಚಕ್ರಗಳಿಗೆ ಅಡೆಗಲ್ಲು ಕೊಡಿ. ತಕ್ಕಡಿಯ ಮೇಲೆ ಗಟ್ಟಿಯಾದ ಮರದ ದಿಮ್ಮಿ ಇಟ್ಟು, ಮೂತಿಯನ್ನು ಹಿಚ್ಚಿನ ಎತ್ತರಕ್ಕೆ ಸರಿಯಾಗಿ ಅದರ ಮೇಲೆ ಇಳಿಸಿ. ಬಂದ ತೂಕದಲ್ಲಿ ದಿಮ್ಮಿಯ ತೂಕ ಕಳೆಯಿರಿ. ಟ್ರೈಲರ್ ಮತ್ತು ಹೇರು ಸೇರಿದ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಮೂಕಿಭಾರ ಇರಬೇಕು. ಪಿಕಪ್ ಕಂಪನಿ ಹೇಳಿದ ಮಿತಿಯನ್ನು ಮೀರಕೂಡದು.

ಖಾಲಿ ಟ್ರೈಲರ್ 300 ಕಿಲೋ, 50 ಕಿಲೋ ಕಾಫಿಯ 14 ಮೂಟೆ ಸೇರಿ ಒಟ್ಟು 1,000 ಕಿಲೋ ಎಂದಿಟ್ಟುಕೊಳ್ಳಿ. ಮೂಕಿಭಾರ 100ರಿಂದ 150 ಕಿಲೋ ಇರಬೇಕು. ತೂಗಿದಾಗ 50 ಕಿಲೋ ಮಾತ್ರ ಬಂದರೆ? ಟ್ರೈಲರಿನ ಅಚ್ಚಿನಿಂದ ಮೂತಿಗೆ 2.4 ಮೀಟರ್ ಇದ್ದಲ್ಲಿ, ಅಚ್ಚಿನ ಹಿಂದೆ 60 ಸೆಂಟಿಮೀಟರಿನಲ್ಲಿರುವ ಒಂದು ಮೂಟೆಯನ್ನು ಅಚ್ಚಿನ ಮುಂದೆ ಅಷ್ಟೇ ದೂರಕ್ಕೆ ತಂದಿಟ್ಟರೆ ಮೂಕಿಭಾರ 25 ಕಿಲೋ ಏರುತ್ತದೆ. ಎರಡು ಮೂಟೆ ಸರಿಸಿದರೆ ಕೊರತೆ ತುಂಬಿತು. ಖರ್ಚು ಏನೂ ಇಲ್ಲ.

ಭಾರ ಹಂಚುವ ಹಿಚ್ ಮಾಡುವುದೇನು?

ಅಮೆರಿಕದಲ್ಲಿ ಮನೆಯಂಥ ದೊಡ್ಡ ಟ್ರೈಲರುಗಳನ್ನು ಎಳೆಯುವವರಲ್ಲಿ ಈ ಸಾಧನ ಬಹಳ ಬಳಕೆಯಲ್ಲಿದೆ. ಹಿಚ್ಚಿನ ತಲೆಯಿಂದ ಎರಡು ಸ್ಪ್ರಿಂಗ್ ಉಕ್ಕಿನ ಸರಳುಗಳು ಹಿಂದಕ್ಕೆ ಚಾಚಿ, ಸರಪಳಿಯ ಮೂಲಕ ಟ್ರೈಲರಿನ ಚೌಕಟ್ಟಿಗೆ ತಗಲಿಕೊಂಡಿರುತ್ತವೆ. ಸರಪಳಿ ಬಿಗಿದಾಗ ಸರಳುಗಳು ಕೈಗಾಡಿಯ ಹಿಡಿ ಎತ್ತಿದ ಹಾಗೆ ಕೆಲಸ ಮಾಡುತ್ತವೆ. ಹಿಂದಿನ ಅಚ್ಚಿನ ಮೇಲಿನ ಭಾರದಲ್ಲಿ ಒಂದು ಪಾಲು ಪಿಕಪ್ಪಿನ ಮುಂದಿನ ಚಕ್ರಕ್ಕೂ ಇನ್ನೊಂದು ಪಾಲು ಟ್ರೈಲರಿನ ಚಕ್ರಕ್ಕೂ ಹೋಗುತ್ತದೆ.

ಇದು ಮಾಡದ ಕೆಲಸಗಳನ್ನೂ ತಿಳಿದಿರಬೇಕು. ಪಿಕಪ್ಪಿನ ಎಳೆಯುವ ಮಿತಿಯನ್ನು ಇದು ಹೆಚ್ಚಿಸುವುದಿಲ್ಲ. ಬ್ರೇಕಿಗೆ ಬದಲಿಯಾಗುವುದಿಲ್ಲ. ಹಿಂಭಾರವಾದ ಹೇರನ್ನು ಸರಿಪಡಿಸುವುದಿಲ್ಲ.

ಅಳತೆ ನೋಡಿ ಕೊಳ್ಳುವುದೂ ಮುಖ್ಯ. ಹೊರದೇಶದ ಹಿಚ್ಚುಗಳ ಮೇಲೆ ಪೌಂಡಿನ ಲೆಕ್ಕ ಇರುತ್ತದೆ. 600/6000 ಎಂದಿದ್ದರೆ ಮೂಕಿಭಾರದ ಮಿತಿ ಸುಮಾರು 272 ಕಿಲೋ, ಒಟ್ಟು ಟ್ರೈಲರಿನ ಮಿತಿ ಸುಮಾರು 2,721 ಕಿಲೋ. ಮೇಲೆ ಹೇಳಿದ 14 ಮೂಟೆಯ ಟ್ರೈಲರಿಗೆ ಇಷ್ಟು ಬಿರುಸಾದ ಸರಳು ಹಾಕಿದರೆ ಸವಾರಿ ಕುಲುಕಾಡುತ್ತದೆ, ಚೌಕಟ್ಟಿಗೆ ಏಟು ಬೀಳುತ್ತದೆ.

ನಮ್ಮ ತೋಟದ ದಾರಿಯ ಮಾತೂ ಇದೆ. ಚರಂಡಿ, ದಿಣ್ಣೆ, ಕಡಿದಾದ ತಿರುವುಗಳಲ್ಲಿ ಪಿಕಪ್ ಒಂದು ಕಡೆ, ಟ್ರೈಲರ್ ಇನ್ನೊಂದು ಕಡೆ ವಾಲುತ್ತವೆ. ಬಿಗಿದ ಸರಳುಗಳಿಗೂ ಚೌಕಟ್ಟಿಗೂ ಆಗ ವಿಪರೀತ ಒತ್ತಡ. ಅಂಥ ಕಡೆ ಸರಳು ಸಡಿಲಿಸಿಯೇ ಹೋಗಬೇಕು. ದಿನವೂ ತೋಟದಿಂದ ಕಣಕ್ಕೆ ಓಡಾಡುವ ಗಾಡಿಗೆ ಈ ಕೆಲಸ ಯಾರು ಮಾಡುತ್ತಾರೆ?

ಆದುದರಿಂದ ನಿರ್ಧಾರ ಹೀಗಿರಲಿ. ಟ್ರೈಲರ್ ಕಟ್ಟುವ ಮೊದಲು ನೆಲದಿಂದ ಪಿಕಪ್ಪಿನ ಮುಂದಿನ ಮಡ್‌ಗಾರ್ಡಿನ ಎತ್ತರ ಅಳೆಯಿರಿ. ಹೇರು ಸರಿಪಡಿಸಿ ಕಟ್ಟಿದ ಮೇಲೆ ಮತ್ತೆ ಅಳೆಯಿರಿ. ಮುಂಭಾಗ ಹೆಚ್ಚೇನೂ ಏಳದಿದ್ದರೆ, ಮೂಕಿಭಾರ ಮಿತಿಯೊಳಗಿದ್ದರೆ, ಸಾಧಾರಣ ಹಿಚ್ ಸಾಕು. ಮುಂಭಾಗ ಎದ್ದು ಕಾಣುವಷ್ಟು ಮೇಲೆದ್ದರೆ ಹೇರು ಕಡಮೆ ಮಾಡುವುದು ಮೊದಲ ಉಪಾಯ. ಮಿತಿಯೊಳಗಿನ ಭಾರವಾದ ಟ್ರೈಲರನ್ನೇ ಸಕಲೇಶಪುರ, ಹಾಸನದ ಕಡೆಯಿಂದ ನೆಲಮಂಗಲ ದಾಟಿ ಯಶವಂತಪುರದವರೆಗೆ ಹೆದ್ದಾರಿಯಲ್ಲಿ ಮತ್ತೆ ಮತ್ತೆ ಒಯ್ಯುವವರಿಗೆ ಭಾರ ಹಂಚುವ ಹಿಚ್ ಪ್ರಯೋಜನಕ್ಕೆ ಬಂದೀತು. ಅದೂ ಪಿಕಪ್ ಕಂಪನಿ ಒಪ್ಪಿದರೆ ಮಾತ್ರ.

ವರ್ಕ್‌ಶಾಪಿನಲ್ಲಿ ಕೇಳಬೇಕಾದ್ದು

ಕೈಪಿಡಿಯಲ್ಲಿ ಎಳೆಯುವ ಮಿತಿ ಇಲ್ಲದಿದ್ದರೆ ಡೀಲರರಿಂದ ಬರಹದಲ್ಲಿ ಪಡೆಯಿರಿ. ಎಳೆಯಬಾರದೆಂದರೆ ಅಲ್ಲಿಗೆ ಬಿಡಿ. ಹಿಚ್ಚನ್ನು ಬಂಪರಿಗಲ್ಲ, ಚಾಸಿಗೆ ಬೋಲ್ಟು ಹಾಕಿ ಕೂರಿಸಬೇಕು. ಕಂಪನಿಯ ಒಪ್ಪಿಗೆಯಿಲ್ಲದೆ ಚಾಸಿ ಕೊರೆಯಲು, ವೆಲ್ಡ್ ಮಾಡಲು ಬಿಡಬೇಡಿ. ಟ್ರೈಲರ್ ಮುಂದೊತ್ತಿದಾಗ ತಾನಾಗಿ ಹಿಡಿಯುವ ಬ್ರೇಕು ಇದ್ದರೆ, ಕೆಲವು ಭಾರ ಹಂಚುವ ಹಿಚ್ಚುಗಳು ಅದಕ್ಕೆ ಹೊಂದುವುದಿಲ್ಲ, ಕೇಳಿ ತಿಳಿಯಿರಿ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೈಲರೂ ಮೋಟಾರು ವಾಹನವೇ. ನೋಂದಣಿ, ವಿಮೆಯ ವಿಚಾರ ಹಣ ಕೊಡುವ ಮೊದಲೇ ಇತ್ಯರ್ಥವಾಗಲಿ.

ಹಿಚ್ ಯಾವುದೇ ಇರಲಿ, ಎರಡು ರಕ್ಷಣಾ ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಡ್ಡವಾಗಿ ಹಾಕಿಸಿ. ಹಿಚ್ ಕಳಚಿದರೂ ಮೂತಿ ನೆಲಕ್ಕೆ ಬಡಿಯದು. ಹಿಂದಿನ ದೀಪಗಳು ಉರಿಯುತ್ತಿರಲಿ. ದಾರಿಯಲ್ಲಿ ಟ್ರೈಲರ್ ಬಾಲ ಬೀಸತೊಡಗಿದರೆ ಸ್ಟಿಯರಿಂಗ್ ತಿರುಗಿಸಾಡಬೇಡಿ, ಬ್ರೇಕು ಒತ್ತಿ ಹಿಡಿಯಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು ಗಾಡಿ ತಾನಾಗಿ ನಿಧಾನವಾಗಲು ಬಿಡಿ. ಆಮೇಲೆ ರಸ್ತೆಯ ಬದಿಗೆ ನಿಲ್ಲಿಸಿ, ಹಿಂದಿನ ಮೂಟೆಗಳನ್ನು ಮುಂದಕ್ಕೆ ಸರಿಸಿ ಹಗ್ಗ ಬಿಗಿದು ಹೊರಡಿ.