ಕಾಲಿನ ಬಲಕ್ಕಿಂತ ಅವಕಾಶದ ಲೆಕ್ಕ: ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ ಕಿಕ್ಕರ್ ಆಯ್ಕೆ

ಅಮೆರಿಕದ ಎನ್‌ಎಫ್‌ಎಲ್, ಅಂದರೆ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಪಂದ್ಯಗಳನ್ನು ಆಧರಿಸಿ ನಡೆಯುವ ಫ್ಯಾಂಟಸಿ ಫುಟ್‌ಬಾಲ್‌ನಲ್ಲಿ, ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿದವರಿಗೆ ಆ ಆಟಗಾರರು ಮೈದಾನದಲ್ಲಿ ತೋರಿದ ಸಾಧನೆಗೆ ತಕ್ಕಂತೆ ಅಂಕಗಳು ದೊರೆಯುತ್ತವೆ. ಹೆಸರಿನಲ್ಲಿ ಫುಟ್‌ಬಾಲ್ ಇದ್ದರೂ ಇದು ಮೊಟ್ಟೆಯಾಕಾರದ ಚೆಂಡನ್ನು ಬಹುಪಾಲು ಕೈಯಲ್ಲೇ ಹಿಡಿದು ಓಡುವ, ಎಸೆಯುವ ಆಟ. ಚೆಂಡನ್ನು ಒದ್ದು ಅಂಕ ಗಳಿಸುವ ಕೆಲಸ ಸಾಮಾನ್ಯವಾಗಿ ತಂಡದಲ್ಲಿ ಒಬ್ಬನಿಗೇ ಮೀಸಲು, ಅವನೇ ಕಿಕ್ಕರ್. ಫ್ಯಾಂಟಸಿ ತಂಡದ ಒಡೆಯರು ಆಯ್ಕೆಯ ದಿನ ಎಲ್ಲರಿಗಿಂತ ಕೊನೆಗೆ ನೆನಪಿಸಿಕೊಳ್ಳುವುದೂ, ಎರಡೇ ಅಂಕಗಳಿಂದ ಸೋತ ವಾರ ಎಲ್ಲರಿಗಿಂತ ಮೊದಲು ಶಪಿಸುವುದೂ ಅವನನ್ನೇ. ಈ ಸ್ಥಾನಕ್ಕೆ ಆಟಗಾರನನ್ನು ಆರಿಸುವಾಗ ಅವನ ಕಾಲಿನ ಬಲಕ್ಕಿಂತ ಅವನಿಗೆ ದೊರೆಯಬಹುದಾದ ಅವಕಾಶಗಳನ್ನೇ ಮುಖ್ಯವಾಗಿ ಅಳೆಯಬೇಕೆಂಬುದು ಆಟದ ರಚನೆಯಿಂದಲೇ ಹೊರಡುವ ತೀರ್ಮಾನ.

ಭಾರತದ ಓದುಗರಿಗೆ ಪರಿಚಿತವಾದ ಡ್ರೀಮ್11 ಮಾದರಿಯ ಫ್ಯಾಂಟಸಿ ಕ್ರಿಕೆಟ್‌ಗೂ ಅಮೆರಿಕದ ಸಾಂಪ್ರದಾಯಿಕ ಫ್ಯಾಂಟಸಿ ಫುಟ್‌ಬಾಲ್‌ಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ತಂಡ ಕಟ್ಟುವುದು ಒಂದೊಂದು ಪಂದ್ಯಕ್ಕೆ, ಮತ್ತು ಒಬ್ಬನೇ ಬ್ಯಾಟ್ಸ್‌ಮನ್‌ನನ್ನು ಲಕ್ಷಾಂತರ ಜನ ಏಕಕಾಲಕ್ಕೆ ಆರಿಸಬಹುದು. ಎರಡನೆಯದರಲ್ಲಿ ಹತ್ತು ಅಥವಾ ಹನ್ನೆರಡು ಮಂದಿ ಗೆಳೆಯರೋ ಸಹೋದ್ಯೋಗಿಗಳೋ ಸೇರಿ ಲೀಗ್ ಕಟ್ಟಿಕೊಂಡು, ಸೆಪ್ಟೆಂಬರ್‌ನಲ್ಲಿ ಋತು ಆರಂಭವಾಗುವ ಮುನ್ನ ಸರದಿಯಂತೆ ಆಟಗಾರರನ್ನು ಹಂಚಿಕೊಳ್ಳುತ್ತಾರೆ. ಡ್ರಾಫ್ಟ್ ಎಂದು ಕರೆಯುವ ಈ ಹಂಚಿಕೆಯಲ್ಲಿ, ಐಪಿಎಲ್ ಹರಾಜಿನಲ್ಲಿ ಆಗುವಂತೆ, ಒಬ್ಬ ಆಟಗಾರ ಒಂದು ತಂಡದ ಪಾಲಾದರೆ ಮಿಕ್ಕವರಿಗೆ ಸಿಗುವುದಿಲ್ಲ. ಸಾಮಾನ್ಯವಾಗಿ ಹದಿನೈದು ಹದಿನಾರು ಸುತ್ತುಗಳ ಡ್ರಾಫ್ಟ್ ಮುಗಿದ ಮೇಲೆ ಪ್ರತಿ ವಾರ ಇಬ್ಬಿಬ್ಬರು ಒಡೆಯರ ತಂಡಗಳು ಮುಖಾಮುಖಿಯಾಗಿ, ಹೆಚ್ಚು ಅಂಕ ಪಡೆದವರು ಗೆಲ್ಲುತ್ತಾರೆ.

ಈ ಆಟದ ಹುಟ್ಟಿನಲ್ಲೇ ಕಿಕ್ಕರ್‌ನ ಪಾತ್ರವಿತ್ತು. ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾಗಿದ್ದ ಬಿಲ್ ವಿಂಕೆನ್‌ಬಾಕ್ 1962ರಲ್ಲಿ ಸಂಗಡಿಗರೊಂದಿಗೆ ನಿಯಮಗಳನ್ನು ರೂಪಿಸಿದರು. 1963ರಲ್ಲಿ ನಡೆದ ಮೊದಲ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲು ಆಯ್ಕೆಯಾದ ಜಾರ್ಜ್ ಬ್ಲಾಂಡಾ, ಚೆಂಡನ್ನು ಎಸೆದು ತಂಡವನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿದ್ದುದರ ಜೊತೆಗೆ ತಮ್ಮ ತಂಡದ ಕಿಕ್ಕರ್ ಕೂಡ ಆಗಿದ್ದರು. ಮುಂದೆ ಒದೆಯುವ ಕೆಲಸ ಸ್ವತಂತ್ರ ಪರಿಣತಿಯಾಗಿ ಬೆಳೆಯಿತು. ಹಂಗೆರಿಯಲ್ಲಿ ಹುಟ್ಟಿದ ಪೀಟ್ ಗೊಗೊಲಾಕ್ 1964ರಲ್ಲಿ ಬಫಲೋ ಬಿಲ್ಸ್ ತಂಡವನ್ನು ಸೇರಿ, ಸಾಕರ್ ಆಟಗಾರರಂತೆ ಓರೆಯಾಗಿ ಬಂದು ಪಾದದ ಮೇಲ್ಭಾಗದಿಂದ ಒದೆಯುವ ಶೈಲಿಯನ್ನು ವೃತ್ತಿಪರ ಆಟಕ್ಕೆ ತಂದರು. ಬೆರಳತುದಿಯಿಂದ ನೇರವಾಗಿ ಒದೆಯುವ ಹಳೆಯ ಪದ್ಧತಿ ಕ್ರಮೇಣ ಕಣ್ಮರೆಯಾಯಿತು.

ಕಿಕ್ಕರ್ ಅಂಕ ಗಳಿಸುವುದು ಎರಡು ದಾರಿಗಳಿಂದ. ತಂಡವು ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆಗಿನ ಎಂಡ್ ಝೋನ್‌ಗೆ ಒಯ್ದರೆ ಅದು ಆರು ಅಂಕಗಳ ಟಚ್‌ಡೌನ್. ಅದರ ಬೆನ್ನಿಗೇ ಗೋಲುಕಂಬಗಳ ನಡುವೆ ಚೆಂಡನ್ನು ಒದ್ದರೆ ಎಕ್ಸ್‌ಟ್ರಾ ಪಾಯಿಂಟ್ ಎಂಬ ಒಂದು ಹೆಚ್ಚುವರಿ ಅಂಕ. ಎಂಡ್ ಝೋನ್ ತಲುಪಲಾರದೆ ದಾಳಿ ನಿಂತುಹೋದಾಗ, ನಿಂತ ಜಾಗದಿಂದಲೇ ಕಂಬಗಳ ನಡುವೆ ಒದ್ದು ಮೂರು ಅಂಕ ಪಡೆಯುವ ಯತ್ನವೇ ಫೀಲ್ಡ್ ಗೋಲ್. ಗೋಲುಕಂಬಗಳು ಹತ್ತು ಗಜ ಆಳದ ಎಂಡ್ ಝೋನ್‌ನ ಹಿಂಬದಿಯಲ್ಲಿರುವುದರಿಂದ, ಮತ್ತು ಚೆಂಡನ್ನು ಸುಮಾರು ಏಳು ಗಜ ಹಿಂದಕ್ಕೆ ಕಳಿಸಿ ನೆಲಕ್ಕೆ ಊರಿ ಒದೆಯುವುದರಿಂದ, ಚೆಂಡು ನಿಂತ ಗೆರೆಗೆ ಹದಿನೇಳನ್ನು ಕೂಡಿಸಿದರೆ ಒದೆತದ ದೂರ ತಿಳಿಯುತ್ತದೆ. ಎದುರಾಳಿಯ 35 ಗಜದ ಗೆರೆಯಲ್ಲಿ ದಾಳಿ ನಿಂತರೆ ಅದು 52 ಗಜಗಳ ಯತ್ನ. ನಿಜವಾದ ಆಟದಲ್ಲಿ ದೂರ ಎಷ್ಟಿದ್ದರೂ ಮೂರೇ ಅಂಕ. ಆದರೆ ಬಹಳಷ್ಟು ಫ್ಯಾಂಟಸಿ ಲೀಗ್‌ಗಳಲ್ಲಿ 39 ಗಜದವರೆಗಿನ ಗೋಲಿಗೆ ಮೂರು, 40ರಿಂದ 49 ಗಜದ್ದಕ್ಕೆ ನಾಲ್ಕು, 50 ಮತ್ತು ಅದಕ್ಕೂ ಮೇಲ್ಪಟ್ಟದ್ದಕ್ಕೆ ಐದು ಅಂಕಗಳಿರುತ್ತವೆ. ಗುರಿ ತಪ್ಪಿದರೆ ಅಂಕ ಕಳೆಯುವ ಲೀಗ್‌ಗಳೂ ಉಂಟು. ಹೀಗೆ 28, 44 ಮತ್ತು 52 ಗಜಗಳ ಮೂರು ಗೋಲುಗಳನ್ನೂ ಎರಡು ಎಕ್ಸ್‌ಟ್ರಾ ಪಾಯಿಂಟ್‌ಗಳನ್ನೂ ಗಳಿಸಿದ ಕಿಕ್ಕರ್ ತನ್ನ ಒಡೆಯನಿಗೆ 14 ಅಂಕ ತಂದುಕೊಡುತ್ತಾನೆ. ಆದ್ದರಿಂದ ಆಯ್ಕೆಗೆ ತೊಡಗುವ ಮುನ್ನ ತನ್ನ ಲೀಗ್‌ನ ಅಂಕಪದ್ಧತಿಯನ್ನು ಓದಿಕೊಳ್ಳುವುದು ಒಡೆಯನ ಮೊದಲ ಕೆಲಸ: ದೂರಕ್ಕೆ ಬೆಲೆ ಕೊಡುವ ಲೀಗ್‌ನಲ್ಲಿ ಬಲವಾದ ಕಾಲಿಗೂ, ತಪ್ಪಿಗೆ ದಂಡ ವಿಧಿಸುವ ಲೀಗ್‌ನಲ್ಲಿ ನಿಖರತೆಗೂ ಹೆಚ್ಚು ತೂಕ.

ಇಷ್ಟು ಅಂಕ ತರಬಲ್ಲವನನ್ನು ಕೊನೆಯ ಸುತ್ತಿಗೆ ಬಿಡುವುದೇಕೆ ಎಂಬುದಕ್ಕೆ ಉತ್ತರ ಸರಳ ಗಣಿತದಲ್ಲಿದೆ. ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿದ್ದು, ಪ್ರತಿ ತಂಡಕ್ಕೂ ಒಬ್ಬ ಕಿಕ್ಕರ್ ಇರುತ್ತಾನೆ. ಹನ್ನೆರಡು ಮಂದಿಯ ಫ್ಯಾಂಟಸಿ ಲೀಗ್‌ಗೆ ಬೇಕಾದವರು ಹನ್ನೆರಡೇ ಜನ, ಉಳಿದ ಇಪ್ಪತ್ತು ಮಂದಿ ಯಾರ ಪಾಲಿಗೂ ಸೇರದೆ ಲಭ್ಯವಿರುತ್ತಾರೆ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗಳ ಸ್ಥಿತಿ ಇದಕ್ಕೆ ವಿರುದ್ಧ. ಪ್ರತಿ ಒಡೆಯನೂ ಕನಿಷ್ಠ ಇಬ್ಬರನ್ನು ಆಡಿಸಿ ಇನ್ನಿಬ್ಬರನ್ನು ಮೀಸಲಿಟ್ಟುಕೊಳ್ಳುವುದರಿಂದ ಕೆಲಸಕ್ಕೆ ಬರುವವರೆಲ್ಲ ಡ್ರಾಫ್ಟ್ ದಿನವೇ ಖಾಲಿಯಾಗುತ್ತಾರೆ. ಒಬ್ಬ ಆಟಗಾರನ ನಿಜವಾದ ಬೆಲೆ ಅವನು ಗಳಿಸುವ ಒಟ್ಟು ಅಂಕಗಳಲ್ಲಿಲ್ಲ; ಅವನ ಬದಲಿಗೆ ಪುಕ್ಕಟೆಯಾಗಿ ದೊರೆಯಬಹುದಾದ ಇನ್ನೊಬ್ಬನಿಗಿಂತ ಅವನು ಎಷ್ಟು ಹೆಚ್ಚು ಗಳಿಸುತ್ತಾನೆಂಬ ಅಂತರದಲ್ಲಿದೆ. ಕಿಕ್ಕರ್‌ಗಳ ವಿಷಯದಲ್ಲಿ ಆ ಅಂತರ ಚಿಕ್ಕದು, ಅದನ್ನು ಮುಂಚಿತವಾಗಿ ಊಹಿಸುವುದು ಇನ್ನೂ ಕಷ್ಟ.

ಊಹೆ ಎಷ್ಟು ದುರ್ಬಲವೆಂಬುದಕ್ಕೆ ಇತ್ತೀಚಿನ ಋತುಗಳೇ ಸಾಕ್ಷಿ. ಮೊದಲು ವೃತ್ತಿಪರ ಸಾಕರ್‌ನಲ್ಲಿದ್ದು, ನಂತರ ಸಾಫ್ಟ್‌ವೇರ್ ಎಂಜಿನಿಯರ್ ಆಗಿ ದುಡಿದ ಬ್ರಾಂಡನ್ ಆಬ್ರಿ 2023ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡಕ್ಕೆ ಹೊಸಬರಾಗಿ ಬಂದಾಗ ಅವರ ಮೇಲೆ ಭರವಸೆಯಿಟ್ಟವರು ವಿರಳ. ಅವರು ತಮ್ಮ ಮೊದಲ 35 ಫೀಲ್ಡ್ ಗೋಲ್‌ಗಳನ್ನು ಒಂದೂ ತಪ್ಪದೆ ಗಳಿಸಿ ದಾಖಲೆ ಬರೆದರು. ಇನ್ನೊಂದೆಡೆ, 2021ರಲ್ಲಿ 66 ಗಜಗಳ ಗೋಲಿನಿಂದ ಆಗಿನ ದಾಖಲೆ ಸ್ಥಾಪಿಸಿದ್ದ, ನಿಖರತೆಗೆ ಹೆಸರಾಗಿದ್ದ ಬಾಲ್ಟಿಮೋರ್ ರೇವನ್ಸ್‌ನ ಜಸ್ಟಿನ್ ಟಕರ್ 2024ರಲ್ಲಿ 30 ಯತ್ನಗಳಲ್ಲಿ ಎಂಟನ್ನು ತಪ್ಪಿಸಿದರು. ನಿಜವಾದ ತಂಡಗಳ ಆಡಳಿತಗಳೇ ಈ ಲೆಕ್ಕದಲ್ಲಿ ಎಡವಿದ್ದುಂಟು: ಟ್ಯಾಂಪಾ ಬೇ ಬಕನೀರ್ಸ್ 2016ರ ಎನ್‌ಎಫ್‌ಎಲ್ ಡ್ರಾಫ್ಟ್‌ನ ಎರಡನೆಯ ಸುತ್ತಿನಲ್ಲೇ ರಾಬರ್ಟೊ ಅಗ್ವಾಯೊ ಎಂಬ ಕಿಕ್ಕರ್‌ನನ್ನು ಆರಿಸಿ, ಮರುವರ್ಷವೇ ತಂಡದಿಂದ ಬಿಡುಗಡೆ ಮಾಡಿತು.

ಹಾಗಾದರೆ ಕೊನೆಯ ಸುತ್ತಿನಲ್ಲಿ ಉಳಿದವರ ಪೈಕಿ ಯಾರನ್ನು ಆರಿಸಬೇಕು ಎಂಬ ಪ್ರಶ್ನೆಗೆ ಮೊದಲ ಅಳತೆಗೋಲು ಕಿಕ್ಕರ್ ಆಡುವ ತಂಡದ ದಾಳಿಯ ಸ್ವರೂಪ. ಹೆಚ್ಚು ಟಚ್‌ಡೌನ್ ಗಳಿಸುವ ತಂಡದ ಕಿಕ್ಕರ್ ಹೆಚ್ಚು ಅಂಕ ಗಳಿಸುತ್ತಾನೆಂಬ ಸಹಜ ಊಹೆ ಅರ್ಧ ಸತ್ಯ ಮಾತ್ರ. 2013ರಲ್ಲಿ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ನೇತೃತ್ವದ ಡೆನ್ವರ್ ಬ್ರಾಂಕೋಸ್ 606 ಅಂಕಗಳ ದಾಖಲೆ ನಿರ್ಮಿಸಿದಾಗ, ಅದರ ಕಿಕ್ಕರ್ ಮ್ಯಾಟ್ ಪ್ರೇಟರ್ 75 ಎಕ್ಸ್‌ಟ್ರಾ ಪಾಯಿಂಟ್ ಮತ್ತು 25 ಫೀಲ್ಡ್ ಗೋಲ್‌ಗಳಿಂದ 150 ಅಂಕ ಸೇರಿಸಿದರು. ಅದಕ್ಕೂ ಎರಡು ವರ್ಷ ಮೊದಲು, 2011ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡ ಋತುವಿಡೀ ಗಳಿಸಿದ್ದು 380 ಅಂಕ ಮಾತ್ರವಾದರೂ, ಅದರ ಕಿಕ್ಕರ್ ಡೇವಿಡ್ ಏಕರ್ಸ್ 44 ಫೀಲ್ಡ್ ಗೋಲ್ ಮತ್ತು 34 ಎಕ್ಸ್‌ಟ್ರಾ ಪಾಯಿಂಟ್‌ಗಳಿಂದ ಒಬ್ಬರೇ 166 ಅಂಕ ತಂದರು. ಆ ತಂಡ ಎದುರಾಳಿಯ ಅಂಗಳದೊಳಕ್ಕೆ ಮತ್ತೆ ಮತ್ತೆ ನುಗ್ಗುತ್ತಿತ್ತು, ಆದರೆ ರೆಡ್ ಝೋನ್ ಎನ್ನುವ ಕೊನೆಯ ಇಪ್ಪತ್ತು ಗಜಗಳಲ್ಲಿ ತಡವರಿಸುತ್ತಿತ್ತು. ಬಾಗಿಲವರೆಗೆ ಬಂದು ಒಳಹೋಗಲಾರದ ತಂಡವೇ ಕಿಕ್ಕರ್‌ಗೆ ಅತ್ಯುತ್ತಮ ಯಜಮಾನ. ಬಾಗಿಲವರೆಗೂ ಬಾರದ ತಂಡ ಅವನನ್ನು ಉಪವಾಸ ಕೆಡವುತ್ತದೆ, ಪ್ರತಿ ಸಲ ಒಳನುಗ್ಗುವ ತಂಡ ಒಂದೊಂದೇ ಅಂಕದ ಕೂಲಿ ಕೊಡುತ್ತದೆ. ಆದರೆ ರೆಡ್ ಝೋನ್‌ನ ದೌರ್ಬಲ್ಯ ವರ್ಷದಿಂದ ವರ್ಷಕ್ಕೆ ಸ್ಥಿರವಾಗಿ ಉಳಿಯುವ ಗುಣವಲ್ಲವಾದ್ದರಿಂದ, ಮುಂದಾಗಿಯೇ ಆರಿಸುವಾಗ ಚೆಂಡನ್ನು ಚೆನ್ನಾಗಿ ಮುಂದೊಯ್ಯುವ ತಂಡದ ಕಿಕ್ಕರ್‌ನನ್ನು ನಂಬುವುದೇ ಹೆಚ್ಚು ಸುರಕ್ಷಿತ.

ತರಬೇತುದಾರನ ಮನೋಧರ್ಮವೂ ಇದರೊಂದಿಗೆ ಸೇರುತ್ತದೆ. ಹತ್ತು ಗಜ ಮುಂದುವರಿಯಲು ತಂಡಕ್ಕೆ ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದನ್ನು ಒದೆತಕ್ಕೆ ಬಳಸುವುದು ಹಳೆಯ ರೂಢಿ; ಅಂಕಿಅಂಶಗಳ ವಿಶ್ಲೇಷಣೆ ಬಲಗೊಂಡಂತೆ ಹಲವು ತರಬೇತುದಾರರು ನಾಲ್ಕನೆಯ ಯತ್ನದಲ್ಲೂ ಟಚ್‌ಡೌನ್‌ಗಾಗಿ ಸಾಹಸಕ್ಕಿಳಿಯುತ್ತಿದ್ದಾರೆ, ಅಂಥವರ ಕಿಕ್ಕರ್‌ಗೆ ಹತ್ತಿರದ ಸುಲಭ ಅವಕಾಶಗಳು ತಪ್ಪಿಹೋಗುತ್ತವೆ. ಎಕ್ಸ್‌ಟ್ರಾ ಪಾಯಿಂಟ್ ಕೂಡ ಮೊದಲಿನಷ್ಟು ಖಚಿತವಲ್ಲ: 2015ರಲ್ಲಿ ಅದರ ದೂರವನ್ನು ಸುಮಾರು 20 ಗಜದಿಂದ 33 ಗಜಕ್ಕೆ ಏರಿಸಿದ ಮೇಲೆ ಯಶಸ್ಸಿನ ಪ್ರಮಾಣ ಶೇಕಡಾ 99ರಿಂದ 94ರ ಆಸುಪಾಸಿಗೆ ಇಳಿಯಿತು. ಇದಕ್ಕೆ ಪ್ರತಿಯಾಗಿ ದೂರದ ಒದೆತಗಳಲ್ಲಿ ಈಗಿನವರ ಸಾಮರ್ಥ್ಯ ಬಹಳ ಹೆಚ್ಚಿದ್ದು, 2025ರ ನವೆಂಬರ್‌ನಲ್ಲಿ ಜಾಕ್ಸನ್‌ವಿಲ್ ಜಾಗ್ವಾರ್ಸ್‌ನ ಕ್ಯಾಮ್ ಲಿಟಲ್ 68 ಗಜಗಳ ಗೋಲಿನಿಂದ ಟಕರ್ ಅವರ ದಾಖಲೆಯನ್ನು ಮುರಿದರು. ದೂರಕ್ಕೆ ಹೆಚ್ಚು ಅಂಕವಿರುವ ಲೀಗ್‌ನಲ್ಲಿ ತರಬೇತುದಾರನ ವಿಶ್ವಾಸ ಗಳಿಸಿದ ದೂರಗಾಮಿ ಕಾಲು ಲಾಭದಾಯಕವಾಗುವುದು ಇದರಿಂದಲೇ.

ಮುಂದಿನದು ಜಾಗ ಮತ್ತು ಹವೆ. ಲಿಟಲ್ ಮತ್ತು ಟಕರ್ ಅವರ ದಾಖಲೆಯ ಗೋಲುಗಳು ಬಂದದ್ದು ಕ್ರಮವಾಗಿ ಲಾಸ್ ವೇಗಸ್ ಮತ್ತು ಡೆಟ್ರಾಯ್ಟ್‌ನ ಛಾವಣಿಯುಳ್ಳ ಕ್ರೀಡಾಂಗಣಗಳಲ್ಲಿ. ದೂರದ ಒದೆತಕ್ಕೆ ಹೆಸರಾದ ಇನ್ನೊಂದು ಊರು ಡೆನ್ವರ್. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿರುವ ಆ ಊರಿನ ತೆಳು ಗಾಳಿ ಚೆಂಡಿಗೆ ಕಡಿಮೆ ತಡೆಯೊಡ್ಡುವುದರಿಂದ ಪ್ರೇಟರ್ 2013ರಲ್ಲಿ ಅಲ್ಲಿಯೇ 64 ಗಜಗಳ ಗೋಲು ಹೊಡೆದಿದ್ದರು. ತೆರೆದ ಮೈದಾನಗಳಲ್ಲಿ ಮಳೆಗಿಂತ ಬಲವಾದ ಗಾಳಿ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಚೆಂಡಿನ ದಿಕ್ಕನ್ನು ಕೆಡಿಸುವುದಲ್ಲದೆ ದೂರದ ಯತ್ನಕ್ಕೆ ಒಪ್ಪದಂತೆ ತರಬೇತುದಾರನನ್ನೂ ಹೆದರಿಸುತ್ತದೆ. ಕೊರೆಯುವ ಚಳಿಯಲ್ಲಿ ಚೆಂಡು ಗಟ್ಟಿಯಾಗಿ ದೂರ ಸಾಗುವುದಿಲ್ಲ. ಫ್ಯಾಂಟಸಿ ಲೀಗ್‌ಗಳ ನಿರ್ಣಾಯಕ ಪಂದ್ಯಗಳು ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ಬರುವುದರಿಂದ, ಆ ವಾರಗಳಲ್ಲಿ ಬಫಲೋ, ಶಿಕಾಗೋ, ಕ್ಲೀವ್‌ಲೆಂಡ್‌ಗಳಂಥ ಸರೋವರತೀರದ ಊರುಗಳಲ್ಲಿ ಆಡುವವನಿಗಿಂತ ಛಾವಣಿಯಡಿ ಆಡುವ ಕಿಕ್ಕರ್‌ನನ್ನು ನೆಚ್ಚುವುದು ವಿವೇಕ.

ಡ್ರಾಫ್ಟ್ ಮುಗಿದ ಮೇಲೂ ಆಯ್ಕೆ ಮುಗಿಯುವುದಿಲ್ಲ. ಪ್ರತಿ ವಾರ ಎದುರಾಳಿಯನ್ನೂ ಮೈದಾನವನ್ನೂ ನೋಡಿ, ಇದ್ದ ಕಿಕ್ಕರ್‌ನನ್ನು ಬಿಟ್ಟು ಲಭ್ಯವಿರುವವರಲ್ಲಿ ಇನ್ನೊಬ್ಬನನ್ನು ಪಡೆಯುವ ಪದ್ಧತಿಗೆ ಸ್ಟ್ರೀಮಿಂಗ್ ಎಂದು ಹೆಸರು. ಇದಕ್ಕೆ ಬಾಜಿ ಸಂಸ್ಥೆಗಳು ಪ್ರಕಟಿಸುವ ಅಂದಾಜುಗಳನ್ನು ಹಲವರು ಆಧಾರವಾಗಿ ಬಳಸುತ್ತಾರೆ: ಒಂದು ಪಂದ್ಯದ ಒಟ್ಟು ಅಂಕ 48 ಎಂದೂ ಒಂದು ತಂಡ ಆರು ಅಂಕಗಳಿಂದ ಗೆಲ್ಲುತ್ತದೆಂದೂ ಅಂದಾಜಿದ್ದರೆ, ಆ ತಂಡದ ನಿರೀಕ್ಷಿತ ಗಳಿಕೆ 27, ಎದುರಾಳಿಯದು 21. ಮುನ್ನಡೆಯಲ್ಲಿರುವ ತಂಡ ಖಚಿತ ಮೂರು ಅಂಕಗಳಿಗೆ ತೃಪ್ತಿಪಡುತ್ತದೆ, ಹಿಂದೆ ಬಿದ್ದ ತಂಡ ಫೀಲ್ಡ್ ಗೋಲ್ ಬಿಟ್ಟು ಟಚ್‌ಡೌನ್‌ಗೆ ಹಂಬಲಿಸುತ್ತದೆ. ಹಾಗಾಗಿ ಬಾಜಿ ಕಟ್ಟದವರಿಗೂ ಈ ಸಂಖ್ಯೆಗಳು ಒಳ್ಳೆಯ ಸೂಚಕ. ಎನ್‌ಎಫ್‌ಎಲ್‌ನ ಪ್ರತಿ ತಂಡಕ್ಕೂ ಋತುವಿನಲ್ಲಿ ಒಂದು ವಾರ ಬಿಡುವಿದ್ದು, ಆ ಒಂದು ವಾರಕ್ಕಾಗಿ ಎರಡನೆಯ ಕಿಕ್ಕರ್‌ನನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವುದೆಂದರೆ, ಮುಂದೆ ತಾರೆಯಾಗಬಹುದಾದ ಎಳೆಯ ಆಟಗಾರನ ಜಾಗವನ್ನು ವ್ಯರ್ಥ ಮಾಡಿದಂತೆ.

ಇಷ್ಟೆಲ್ಲ ಅನಿಶ್ಚಿತವಾದ ಸ್ಥಾನವನ್ನು ತೆಗೆದುಹಾಕುವುದೇ ಲೇಸೆಂದು ವಾದಿಸುವವರಿದ್ದಾರೆ. ಹಲವು ಲೀಗ್‌ಗಳು ಹಾಗೆ ಮಾಡಿವೆ, ದೈನಿಕ ಸ್ಪರ್ಧೆಗಳನ್ನು ನಡೆಸುವ ಫ್ಯಾನ್‌ಡ್ಯುಯಲ್ ಸಂಸ್ಥೆಯೂ 2018ರಲ್ಲಿ ಕಿಕ್ಕರ್ ಸ್ಥಾನವನ್ನು ಕೈಬಿಟ್ಟಿತು. ಅದೃಷ್ಟದ ಪಾಲು ಹೆಚ್ಚೆಂಬ ಅವರ ಆಕ್ಷೇಪ ಸುಳ್ಳಲ್ಲ. ಆದರೆ ನಿಜವಾದ ಪಂದ್ಯಗಳೇ ಕೊನೆಯ ಕ್ಷಣದ ಒಂದು ಒದೆತದಿಂದ ತೀರ್ಮಾನವಾಗುವ ಆಟದಲ್ಲಿ, ಅದರ ಪ್ರತಿಬಿಂಬವಾದ ಫ್ಯಾಂಟಸಿ ಆಟವು ಕಿಕ್ಕರ್‌ನನ್ನು ಹೊರಗಿಟ್ಟರೆ ಚಿತ್ರ ಅಪೂರ್ಣವಾಗುತ್ತದೆಂಬ ಪ್ರತಿವಾದಕ್ಕೂ ಬಲವಿದೆ. ಸ್ಥಾನ ಉಳಿದಿರುವಷ್ಟು ಕಾಲ ಅದಕ್ಕೆ ಸಲ್ಲುವ ನೀತಿ ಸ್ಪಷ್ಟ: ಡ್ರಾಫ್ಟ್‌ನಲ್ಲಿ ಅದಕ್ಕೆ ಕೊನೆಯ ಸುತ್ತಿಗಿಂತ ಹೆಚ್ಚಿನ ಬೆಲೆ ತೆರಬಾರದು, ಋತು ನಡೆಯುವಾಗ ವಾರಕ್ಕೆ ಐದು ನಿಮಿಷದ ಗಮನ ಕೊಡುವುದನ್ನು ತಪ್ಪಿಸಬಾರದು, ಸರಿಯಾಗಿ ಆರಿಸಿಯೂ ಚೆಂಡು ಕಂಬಕ್ಕೆ ಬಡಿದು ಸೋತ ವಾರ ಆಯ್ಕೆಯ ವಿಧಾನವನ್ನು ಬದಲಿಸಬಾರದು.